ಸಾಲು ಎಣಿಸುವ ಮುನ್ನ: ಮಳೆ, ವರಮಾನ ಮತ್ತು ಜಗಳೂರಿನ ಒಂದು ಪ್ರಾಜೆಕ್ಟ್

ಭಾರತದಲ್ಲಿ 2002ರಲ್ಲಿ ಬಿದ್ದ ಮಳೆ 1083 ಮಿಲಿಮೀಟರ್. 2009ರಲ್ಲಿ ಬಿದ್ದದ್ದು 1083 ಮಿಲಿಮೀಟರ್. 2019ರಲ್ಲಿ? ಅದೂ 1083.

ದಾವಣಗೆರೆಯ ಒಂದು ಪದವಿ ಕಾಲೇಜಿನ ಸಂಖ್ಯಾಶಾಸ್ತ್ರ ವಿಭಾಗದಲ್ಲಿ, ನನ್ನ ಮೇಜಿನ ಮೇಲೆ ಮುದ್ರಿತ ಹಾಳೆಗಳನ್ನು ಹರಡಿ, ಈ ಮೂರು ಅಂಕಿಗಳ ಕೆಳಗೆ ಕೆಂಪು ಗೆರೆ ಎಳೆದುಕೊಂಡು ನಿಂತಿದ್ದವಳು ಬಿ.ಎಸ್‌ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ಊರು ಜಗಳೂರು ತಾಲ್ಲೂಕಿನದು. "ಬರ ಬಿದ್ದ ವರ್ಷವೂ ಅಷ್ಟೇ, ಕೆರೆ ತುಂಬಿದ ವರ್ಷವೂ ಅಷ್ಟೇ. ಹೀಗೆ ಇರಲು ಸಾಧ್ಯವೇ ಸರ್?" ಎಂದು ಕೇಳಿದಳು. ಧ್ವನಿಯಲ್ಲಿ ಆರೋಪವೇನೂ ಇರಲಿಲ್ಲ. ಆದರೆ ಆ ಹಾಳೆಗಳ ಕೊನೆಯ ಪುಟದಲ್ಲಿ ಹಿಂದಿನ ವಾರವಷ್ಟೇ "ತೃಪ್ತಿಕರ" ಎಂದು ಬರೆದು ಸಹಿ ಹಾಕಿದ್ದವನು ನಾನು.

ಒಂದು ವಿದ್ಯಾರ್ಥಿ ಪ್ರಾಜೆಕ್ಟು ಹೇಗೆ ಹುಟ್ಟಿತು, ಹೇಗೆ ಕೆಟ್ಟಿತು, ಕೆಟ್ಟದ್ದನ್ನು ಎಷ್ಟರ ಮಟ್ಟಿಗೆ ರಿಪೇರಿ ಮಾಡಿದೆವು ಎನ್ನುವುದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಜಗತ್ತಿನ ದೇಶಗಳ ಅಂಕಿಗಳನ್ನು ಇಳಿಸಿಕೊಂಡು "ಜಾಗತಿಕ ಮಾದರಿ" ಹುಡುಕುವ ಪ್ರಾಜೆಕ್ಟುಗಳು ಈಗ ಪ್ರತಿ ಕಾಲೇಜಿನಲ್ಲೂ ನಡೆಯುತ್ತವೆ. ನಮ್ಮದರಲ್ಲಿ ಆದ ಎಡವಟ್ಟು ಇತರರ ಕಣ್ಣಿಗೂ ಬೀಳಲಿ.

ಊಹೆ

2023ರ ಬರ ನೆನಪಿರುವವರಿಗೆ ಪ್ರಶ್ನೆ ಎಲ್ಲಿಂದ ಬಂತೆಂದು ಹೇಳಬೇಕಿಲ್ಲ. ಆ ವರ್ಷ ರಾಜ್ಯ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಜಗಳೂರು ಅವುಗಳಲ್ಲಿ ಒಂದು. ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಜಗಳೂರಿನ ಹೆಸರು ಕಂಡು ನಮ್ಮ ಕಡೆ ಯಾರೂ ಹುಬ್ಬೇರಿಸುವುದಿಲ್ಲ. 1997ರವರೆಗೆ ಅದು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಆಮೇಲೆ ಹೊಸದಾದ ದಾವಣಗೆರೆ ಜಿಲ್ಲೆಗೆ ಬಂತು. ಜಿಲ್ಲೆ ಬದಲಾಯಿತು, ಮೋಡ ಬದಲಾಗಲಿಲ್ಲ.

ಹುಡುಗಿಯ ಊಹೆ ಸರಳವಾಗಿತ್ತು: ಮಳೆ ಕಡಿಮೆ ಇರುವಲ್ಲಿ ಬಡತನ ಹೆಚ್ಚು. ಇದು ಅವಳ ಮನೆಯ ಅನುಭವ. ಇದು ಇಡೀ ಜಗತ್ತಿಗೆ ಅನ್ವಯಿಸುತ್ತದೆಯೇ ಎಂದು ನೋಡಬೇಕೆಂಬ ಆಸೆ ಅವಳಿಗೆ. ವಿಶ್ವಬ್ಯಾಂಕಿನ ಉಚಿತ ದತ್ತಾಂಶದಿಂದ ಸುಮಾರು 180 ದೇಶಗಳ ತಲಾ ವರಮಾನ ಮತ್ತು ವಾರ್ಷಿಕ ಮಳೆ, 2000ದಿಂದ 2019ರವರೆಗೆ ಇಪ್ಪತ್ತು ವರ್ಷ. ಕೂಡಿಸಿದರೆ 3600 ಸಾಲು. ಇಷ್ಟು ದೊಡ್ಡ ಫೈಲನ್ನು ವಿಭಾಗದ ಹಳೆಯ ಕಂಪ್ಯೂಟರ್ ತೆರೆಯುವಷ್ಟರಲ್ಲಿ ಕ್ಯಾಂಟೀನಿಗೆ ಹೋಗಿ ಒಂದು ಚಹಾ ಕುಡಿದು ಬರಬಹುದಿತ್ತು.

ಉತ್ತರ ಬಂತು, ಅದೂ ತಲೆಕೆಳಗಾಗಿ. ಮಳೆ ಹೆಚ್ಚಿದಷ್ಟೂ ವರಮಾನ ಇಳಿಯುವಂತೆ ಗೆರೆ ಬಾಗಿತ್ತು. ಪಿ-ಮೌಲ್ಯದಲ್ಲಿ, ಅಂದರೆ ಇಂಥ ಗೆರೆ ಬರೀ ಆಕಸ್ಮಿಕವಾಗಿ ಬರುವ ಸಂಭವದಲ್ಲಿ, ದಶಾಂಶ ಬಿಂದುವಿನ ಮುಂದೆ ಸೊನ್ನೆಗಳ ಸರ. ನಿರೀಕ್ಷೆಗೆ ವಿರುದ್ಧವಾದ ಫಲಿತಾಂಶ ಕಂಡರೆ ಮೇಷ್ಟರುಗಳಿಗೆ ಒಂದು ಬಗೆಯ ಖುಷಿ. "ಅನುಭವ ಬೇರೆ, ಅಂಕಿಅಂಶ ಬೇರೆ ಎನ್ನುವುದು ಇದಕ್ಕೇ ನೋಡು" ಎಂದು ನಾನು ಗಂಭೀರವಾಗಿ ಹೇಳಿಯೂ ಬಿಟ್ಟೆ. ಆ ಮಾತನ್ನು ಈಗ ವಾಪಸು ಪಡೆಯುತ್ತಿದ್ದೇನೆ.

ಅವಳು ಸುಮ್ಮನೆ ಹೋದಳು. ಆದರೆ ಫಲಿತಾಂಶ ಅವಳಿಗೆ ಒಪ್ಪಿಗೆಯಾಗಲಿಲ್ಲ. ಒಂದು ವಾರ ಕೂತು 3600 ಸಾಲುಗಳನ್ನು ಕಣ್ಣಿನಿಂದಲೇ ಓದುತ್ತಾ ಬಂದು ಭಾರತದ ಮುಂದೆ ನಿಂತಳು. 2002ರ ಮುಂಗಾರು ಇಡೀ ದೇಶದಲ್ಲಿ ಶೇಕಡ 19ರಷ್ಟು ಕೊರತೆಯಾಗಿತ್ತು. 2009ರದು ಇನ್ನೂ ಕೆಟ್ಟದ್ದು, ಶೇಕಡ 22ರ ಕೊರತೆ. ಫೈಲಿನಲ್ಲಿ ಎರಡೂ ವರ್ಷ 1083. ಉಳಿದ ದೇಶಗಳನ್ನು ನೋಡಿದರೆ ಅಲ್ಲೂ ಇದೇ ಕಥೆ. ಬಾಂಗ್ಲಾದೇಶಕ್ಕೆ ಪ್ರತಿ ವರ್ಷ 2666, ನೈಜರ್ ದೇಶಕ್ಕೆ ಪ್ರತಿ ವರ್ಷ 151.

ಕಾರಣ ಗುಟ್ಟಿನದಲ್ಲ. ಈ ಅಂಕಿಯ ಮೂಲ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜಲ ದತ್ತಾಂಶ. ಅಲ್ಲಿ ಕೊಟ್ಟಿರುವುದು ದೀರ್ಘಾವಧಿ ಸರಾಸರಿ, ಯಾವುದೋ ಒಂದು ವರ್ಷದ ಮಳೆಯಲ್ಲ. ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಅದೇ ಸರಾಸರಿ ವರ್ಷವರ್ಷದ ಮನೆಯಲ್ಲಿ ಮತ್ತೆ ಮತ್ತೆ ತುಂಬಿಕೊಂಡಿದೆ. ವಿವರಣೆಯ ಪುಟದಲ್ಲಿ ಇದನ್ನು ಹೇಳಿದ್ದಾರೆ. ವಿವರಣೆಯ ಪುಟ ಓದದಿದ್ದ ಮಾರ್ಗದರ್ಶಕ ನಾನೇ. (ನಮ್ಮ ಹವಾಮಾನ ಇಲಾಖೆಯ 1971ರಿಂದ 2020ರ ಲೆಕ್ಕದಲ್ಲಿ ದೇಶದ ವಾರ್ಷಿಕ ಸರಾಸರಿ ಸುಮಾರು 1160 ಮಿಲಿಮೀಟರ್. ಅಂದರೆ ಸರಾಸರಿಗೂ ಒಂದೇ ಬೆಲೆ ಇಲ್ಲ. ಆದರೆ ಅದು ಬೇರೆಯೇ ಜಗಳ.)

ಇಪ್ಪತ್ತು ಸಲ ಅಂಟಿಸಿದ ಕಾಗದ

ಹಾಗಾದರೆ ನಮ್ಮಲ್ಲಿ ಇದ್ದ ಮಳೆಯ ಮಾಹಿತಿ 3600 ಸಾಲಿನದಲ್ಲ, 180ರದು. ಉಳಿದದ್ದು ನಕಲು. ಇದರಿಂದ ಏನು ಕೆಡುತ್ತದೆ ಎಂದು ತರಗತಿಗೆ ತೋರಿಸಲು ಎಂಟೇ ದೇಶ ತೆಗೆದುಕೊಂಡು ಕರಿಹಲಗೆಯ ಮೇಲೆ ಲೆಕ್ಕ ಮಾಡಿದೆವು. ಓದುವವರೂ ಪೆನ್ಸಿಲ್ ಹಿಡಿದರೆ ಹತ್ತು ನಿಮಿಷದ ಕೆಲಸ.

ಒಣದಿಂದ ಹಸಿಯ ಕಡೆಗೆ ಸಾಲು ಹಿಡಿದರೆ: ಸೌದಿ ಅರೇಬಿಯ 59 ಮಿಲಿಮೀಟರ್, ಕತಾರ್ 74, ನೈಜರ್ 151, ಆಸ್ಟ್ರೇಲಿಯ 534, ಭಾರತ 1083, ನೇಪಾಳ 1500, ಜಪಾನ್ 1668, ಇಂಡೊನೇಷ್ಯ 2702. ಇನ್ನು 2019ರ ತಲಾ ವರಮಾನದಲ್ಲಿ ಬಡವರಿಂದ ಸಿರಿವಂತರ ಕಡೆಗೆ: ನೈಜರ್, ನೇಪಾಳ, ಭಾರತ, ಇಂಡೊನೇಷ್ಯ, ಸೌದಿ, ಜಪಾನ್, ಆಸ್ಟ್ರೇಲಿಯ, ಕತಾರ್. ನೈಜರ್ ಸಾವಿರ ಡಾಲರಿನ ಒಳಗೆ, ಕತಾರ್ ಅರವತ್ತು ಸಾವಿರ ಡಾಲರಿನ ಆಚೆ. ನಡುವಿನ ಅಂತರ ಇಷ್ಟು ದೊಡ್ಡದಿರುವುದರಿಂದ ಡಾಲರುಗಳನ್ನು ಬಿಟ್ಟು ಶ್ರೇಯಾಂಕವನ್ನಷ್ಟೇ ಹಿಡಿಯುವುದು ಕ್ಷೇಮ. 1904ರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಕೊಟ್ಟ ದಾರಿ ಅದು.

ಪ್ರತಿ ದೇಶದ ಎರಡು ಶ್ರೇಯಾಂಕಗಳ ವ್ಯತ್ಯಾಸವನ್ನು ವರ್ಗ ಮಾಡಿ ಕೂಡಿಸಿದರೆ 102. ಅದರ ಆರು ಪಟ್ಟು 612. ಎಂಟನ್ನು, ಎಂಟರ ವರ್ಗಕ್ಕಿಂತ ಒಂದು ಕಡಿಮೆಯಾದ 63ರಿಂದ ಗುಣಿಸಿದರೆ 504. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಒಂದರಿಂದ ಕಳೆದರೆ ಸಹಸಂಬಂಧ (ಎರಡು ಅಂಕಿಗಳು ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ, ಮೈನಸ್ 1ರಿಂದ ಪ್ಲಸ್ 1ರವರೆಗೆ) ಮೈನಸ್ 0.21. ಮಳೆ ಹೆಚ್ಚಾದರೆ ವರಮಾನ ಕಡಿಮೆ ಎನ್ನುವ ಕಡೆಗೆ ಒಂದು ಸಣ್ಣ ವಾಲು. ಎಂಟು ದೇಶಗಳಿದ್ದಾಗ ಇಂಥ ವಾಲು ಕೇವಲ ಆಕಸ್ಮಿಕವಾಗಿ ಬರುವ ಸಂಭವ ಸುಮಾರು 0.6. ಅಂದರೆ ಇದರಲ್ಲಿ ಏನೂ ಇಲ್ಲ, ಗಾಳಿಗೆ ಎಲೆ ಅಲುಗಿದಂತೆ.

ಈಗ ಅದೇ ಎಂಟು ಸಾಲುಗಳನ್ನು ನಕಲು ಮಾಡಿ ಇಪ್ಪತ್ತು ಸಲ ಅಂಟಿಸಿದೆವು. ಒಟ್ಟು 160 ಸಾಲು. ಸಹಸಂಬಂಧ ಒಂದು ಕೂದಲೆಳೆಯೂ ಕದಲಲಿಲ್ಲ, ಅದೇ ಮೈನಸ್ 0.21. ಆದರೆ ಪಿ-ಮೌಲ್ಯ 0.6ರಿಂದ ಧುಮುಕಿ 0.01ಕ್ಕಿಂತ ಕೆಳಗೆ ಬಿತ್ತು. ಸಾಫ್ಟ್‌ವೇರ್ ಅದರ ಪಕ್ಕದಲ್ಲಿ "ಗಣನೀಯ", ಅಂದರೆ ಬರೀ ಆಕಸ್ಮಿಕವಿರಲಾರದು, ಎನ್ನುವ ಗುರುತಾಗಿ ಎರಡು ನಕ್ಷತ್ರ ಹಚ್ಚಿ ಕೊಟ್ಟಿತು. ಹೊಸ ಮಾಹಿತಿ ಒಂದು ತೊಟ್ಟೂ ಸೇರಿಲ್ಲ, ಜೆರಾಕ್ಸ್ ಅಂಗಡಿಯ ಕೆಲಸವಷ್ಟೇ ಆಗಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ "ಇದು ಒಂದೇ ಪಾವು ಅಕ್ಕಿಯನ್ನು ಇಪ್ಪತ್ತು ಸಲ ಅಳೆದು ಇಪ್ಪತ್ತು ಪಾವು ಎಂದ ಹಾಗೆ" ಎಂದ. ಪಠ್ಯಪುಸ್ತಕದಲ್ಲಿ ಇದಕ್ಕಿರುವ ಹೆಸರಿಗಿಂತ ಅವನ ಮಾತೇ ನನಗೆ ನೆನಪಿನಲ್ಲಿ ಉಳಿದಿದೆ.

ಮೂಲ ಫೈಲಿನಲ್ಲಿ ವರಮಾನ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿತ್ತು, ಆದ್ದರಿಂದ ಅದು ಅಕ್ಷರಶಃ ನಕಲಲ್ಲ. ಆದರೆ ಕಳೆದ ವರ್ಷ ಬಡವಾಗಿದ್ದ ದೇಶ ಈ ವರ್ಷವೂ ಹೆಚ್ಚುಕಡಿಮೆ ಬಡವಾಗಿಯೇ ಇರುತ್ತದೆ. ಇಪ್ಪತ್ತು ವರ್ಷವನ್ನು ಇಪ್ಪತ್ತು ಸ್ವತಂತ್ರ ಸಾಕ್ಷಿಗಳೆಂದು ಎಣಿಸಿದರೆ ದೋಷದ ಅಂದಾಜು ಇರಬೇಕಾದುದಕ್ಕಿಂತ ಸುಮಾರು ನಾಲ್ಕೂವರೆ ಪಟ್ಟು ಕುಗ್ಗಿಬಿಡಬಹುದು. 3600 ಸಾಲಿದ್ದರೆ 0.033ರ ಸಹಸಂಬಂಧವೂ "ಗಣನೀಯ" ಎನಿಸಿಕೊಳ್ಳುತ್ತದೆ. ಅಷ್ಟು ಸಣ್ಣ ಸಂಬಂಧವನ್ನು, ಸಾಲಿಗೊಂದು ಚುಕ್ಕಿ ಇಟ್ಟ ಚುಕ್ಕಿಚಿತ್ರದಲ್ಲಿ ಹುಡುಕಲು ಹೋದರೆ ಕಣ್ಣು ನೋಯುವುದೇ ಲಾಭ.

ಒಂದೇ ಮನೆಯ ಸಾಕ್ಷಿಗಳು

ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. ಎಂಟರಲ್ಲಿ ಸೌದಿ ಮತ್ತು ಕತಾರ್ ಎರಡನ್ನೂ ತೆಗೆದು ಆರು ದೇಶಗಳಿಗೆ ಮತ್ತೆ ಲೆಕ್ಕ ಹಾಕೋಣ ಎಂದಳು ಅವಳು. ವರ್ಗಗಳ ಮೊತ್ತ 24, ಸಹಸಂಬಂಧ ಪ್ಲಸ್ 0.31. ಚಿಹ್ನೆಯೇ ಬದಲಾಯಿತು! ಆಸ್ಟ್ರೇಲಿಯವನ್ನೂ ತೆಗೆದರೆ ಐದು ದೇಶ, ಮೊತ್ತ 4, ಸಹಸಂಬಂಧ ಪ್ಲಸ್ 0.8. ಮೈನಸ್ 0.21ರಿಂದ ಪ್ಲಸ್ 0.8ಕ್ಕೆ ಬರಲು ಬೇಕಾದದ್ದು ಮೂರು ಹೆಸರುಗಳ ಮೇಲೆ ಡಸ್ಟರ್ ಆಡಿಸುವುದು ಮಾತ್ರ. ತರಗತಿಯಲ್ಲಿ ನಗು. ನನಗೂ ನಗು ಬಂತು, ಜೊತೆಗೆ ಸ್ವಲ್ಪ ಭಯವೂ.

ಇಲ್ಲಿ ಜಾಗರೂಕತೆ ಬೇಕು. ಬೇಡದ ದೇಶವನ್ನು ಒರೆಸಿ ಬೇಕಾದ ಉತ್ತರ ಪಡೆಯುವುದು ವಂಚನೆಯೇ ಸರಿ. ಆದರೆ ಸೌದಿ ಮತ್ತು ಕತಾರ್ ಎರಡು ಬೇರೆ ಬೇರೆ ಸಾಕ್ಷಿಗಳೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅಕ್ಕಪಕ್ಕದ ನೆಲ, ಒಂದೇ ಮರುಭೂಮಿ, ನೆಲದಡಿ ಒಂದೇ ಬಗೆಯ ಐಶ್ವರ್ಯ: ಕತಾರಿನದು ಮುಖ್ಯವಾಗಿ ಅನಿಲ, ಸೌದಿಯದು ತೈಲ. ಕುವೈತ್, ಬಹರೈನ್, ಒಮಾನ್, ಸಂಯುಕ್ತ ಅರಬ್ ಸಂಸ್ಥಾನಗಳನ್ನೂ ಸೇರಿಸಿದರೆ ಆರು ಚುಕ್ಕೆಗಳು ಬರುತ್ತವೆ. ಆ ಆರೂ ಹೇಳುವುದು ಒಂದೇ ಕಥೆ. ಪಂಚಾಯಿತಿಯಲ್ಲಿ ಒಂದೇ ಮನೆಯ ಆರು ಮಂದಿ ಅಣ್ಣತಮ್ಮಂದಿರನ್ನು ನಿಲ್ಲಿಸಿ ಆರು ಸಾಕ್ಷಿ ಎಂದರೆ ಯಾರು ಒಪ್ಪುತ್ತಾರೆ?

ಈ ತಕರಾರು ಹಳೆಯದು. 1888ರಲ್ಲಿ ಲಂಡನ್ನಿನಲ್ಲಿ ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ ಸುಮಾರು 350 ಜನಸಮುದಾಯಗಳ ಮದುವೆ ಮತ್ತು ವಂಶಪದ್ಧತಿಗಳನ್ನು ಪಟ್ಟಿ ಮಾಡಿ, ಯಾವ ಆಚಾರ ಯಾವುದರ ಜೊತೆ ಬರುತ್ತದೆ ಎಂದು ಎಣಿಸಿ ತೋರಿಸಿದ. ಜಗತ್ತಿನ ಸಮಾಜಗಳನ್ನು ಅಂಕಿಅಂಶದಿಂದ ಹೋಲಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಅದೊಂದು. ಸಭೆಯಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಗಾಲ್ಟನ್ ಕೇಳಿದ ಪ್ರಶ್ನೆ ಇಷ್ಟೇ: ಈ ಸಮುದಾಯಗಳು ಆಚಾರವನ್ನು ತಾವಾಗಿಯೇ ಕಂಡುಕೊಂಡವೋ, ನೆರೆಯವರಿಂದ ಅಥವಾ ಒಂದೇ ಪೂರ್ವಿಕರಿಂದ ಪಡೆದವೋ? ಪಡೆದವಾದರೆ ಒಂದೇ ಮೂಲದ ನಕಲುಗಳನ್ನು ಬೇರೆ ಬೇರೆ ಎಂದು ಎಣಿಸಿದಂತಾಗಲಿಲ್ಲವೇ? ಆ ಪ್ರಶ್ನೆಗೆ ಇಂದಿಗೂ ಅವನದೇ ಹೆಸರು, ಗಾಲ್ಟನ್ ಸಮಸ್ಯೆ. ಮುಂದೆ 1969ರಲ್ಲಿ ಮರ್ಡಾಕ್ ಮತ್ತು ವೈಟ್ ಎಂಬ ವಿದ್ವಾಂಸರು ಪರಸ್ಪರ ಸೋಂಕು ಆದಷ್ಟು ಕಡಿಮೆ ಇರುವಂತೆ ಆರಿಸಿ 186 ಸಮಾಜಗಳ ಒಂದು ಮಾದರಿ ಪಟ್ಟಿ ಕಟ್ಟಿದ್ದು ಇದೇ ಕಾಟದಿಂದ.

ನಮ್ಮ ಹುಡುಗಿಯ ಫೈಲಿನಲ್ಲಿ ನಕಲು ಎರಡು ದಿಕ್ಕಿನಿಂದ ನುಗ್ಗಿತ್ತು. ಕಾಲದ ದಿಕ್ಕಿನಲ್ಲಿ ಇಪ್ಪತ್ತು ವರ್ಷ, ನೆಲದ ದಿಕ್ಕಿನಲ್ಲಿ ನೆರೆಹೊರೆ. ವಿಭಾಗದ ಗೋಡೆಯ ಮೇಲೆ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರ ಚಿತ್ರವಿದೆ. 1920ರಲ್ಲಿ ಅವರು ಹುಟ್ಟಿದ್ದು ನಮ್ಮಿಂದ ಹರಪನಹಳ್ಳಿ ದಾಟಿದರೆ ಸಿಗುವ ಹೂವಿನಹಡಗಲಿಯಲ್ಲಿ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇನೆ. ಒಂದು ಮಾದರಿಯಿಂದ ಹೆಚ್ಚೆಂದರೆ ಎಷ್ಟು ಮಾಹಿತಿ ಹಿಂಡಬಹುದು ಎಂಬುದಕ್ಕೆ 1945ರಲ್ಲೇ ಮಿತಿ ಹಾಕಿ ತೋರಿಸಿದವರ ಚಿತ್ರದ ಕೆಳಗೆ ಕೂತು, ಇಲ್ಲದ ಮಾಹಿತಿಯನ್ನು ಹಿಂಡಿ ಸಹಿ ಹಾಕಿದ್ದೆ.

ಮಳೆ ಎಲ್ಲಿ ಬೀಳುತ್ತದೆ, ನೀರು ಎಲ್ಲಿ ಹರಿಯುತ್ತದೆ

ನಕಲುಗಳನ್ನು ತೆಗೆದುಹಾಕಿ, ನೆರೆಹೊರೆಯ ಲೆಕ್ಕ ಸರಿಪಡಿಸಿದರೆ ಸಾಕೇ? ಇಲ್ಲ. ಇಲ್ಲಿಂದಾಚೆಯ ತೊಂದರೆ ಯಾವ ಸೂತ್ರಕ್ಕೂ ಬಗ್ಗುವುದಿಲ್ಲ.

ಆಸ್ಟ್ರೇಲಿಯದ 534 ಮಿಲಿಮೀಟರ್ ಹೆಚ್ಚುಕಡಿಮೆ ನಮ್ಮ ಬಯಲುಸೀಮೆಯ ಮಳೆ. ಆದರೆ ಅದು ನೆಲದ ಸರಾಸರಿ, ಜನರ ಸರಾಸರಿಯಲ್ಲ. ನಡುವಿನ ಮರುಭೂಮಿಯಲ್ಲಿ ಮನುಷ್ಯರೇ ವಿರಳ, ಜನ ಇರುವುದು ಕರಾವಳಿಯ ಅಂಚಿನಲ್ಲಿ. ಸಿಡ್ನಿಯಲ್ಲಿ ಬೀಳುವ ಮಳೆ ಆ ಸರಾಸರಿಯ ಎರಡು ಪಟ್ಟು. ಇಷ್ಟು ದೂರ ಹೋಗುವುದೇಕೆ? ದಾವಣಗೆರೆಯಿಂದ ಶಿವಮೊಗ್ಗದ ದಾರಿ ಹಿಡಿದು ಅರ್ಧ ದಿನದೊಳಗೆ ಆಗುಂಬೆ ಮುಟ್ಟಬಹುದು. ಅಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಆಗುಂಬೆಯನ್ನೂ ಚಳ್ಳಕೆರೆಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಮಳೆಯಲ್ಲಿ ನೆನೆದವರು ಯಾರೂ ಇಲ್ಲ.

ಈಜಿಪ್ಟಿನ ಸಾಲು ನೋಡಿ ಅವಳು ಮೊದಲು ಮುದ್ರಣದೋಷ ಎಂದುಕೊಂಡಿದ್ದಳು: 18 ಮಿಲಿಮೀಟರ್. ನಮ್ಮಲ್ಲಿ ಒಂದು ಸಂಜೆಯ ಗುಡುಗು ಮಳೆ. ಹತ್ತು ಕೋಟಿಗೂ ಹೆಚ್ಚು ಜನ ಅಲ್ಲಿ ಬದುಕುತ್ತಿರುವುದು ಇಥಿಯೋಪಿಯದ ಬೆಟ್ಟಗಳಲ್ಲಿ, ಪೂರ್ವ ಆಫ್ರಿಕದ ಸರೋವರಗಳ ಸುತ್ತ ಬಿದ್ದ ಮಳೆಯಿಂದ. ಅದನ್ನು ನೈಲ್ ನದಿ ಹೊತ್ತು ತರುತ್ತದೆ. ಇದನ್ನು ದಾವಣಗೆರೆಯ ಮಕ್ಕಳಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಹರಿಹರ, ಹೊನ್ನಾಳಿ, ದಾವಣಗೆರೆ ಸುತ್ತಿನ ಭತ್ತದ ಗದ್ದೆಗಳು ಹಸಿರಾಗಿರುವುದು ನಮ್ಮ ಮೋಡದ ದಯೆಯಿಂದಲ್ಲ. ಘಟ್ಟದ ಮೇಲೆ ಬಿದ್ದ ಮಳೆ ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ನಿಂತು ನಾಲೆ ಹಿಡಿದು ಬರುವುದರಿಂದ. ಅದೇ ಜಿಲ್ಲೆಯ ಜಗಳೂರಿಗೆ ಆ ನಾಲೆ ಇಲ್ಲ. ಮಳೆಮಾಪಕ ಹಿಡಿದು ಇಡೀ ಜಿಲ್ಲೆ ಸುತ್ತಿದರೂ ಭತ್ತದ ಗದ್ದೆಗೂ ಮೆಕ್ಕೆಜೋಳದ ಹೊಲಕ್ಕೂ ಇರುವ ಅಂತರ ಅದರಲ್ಲಿ ಕಾಣುವುದಿಲ್ಲ. "ದಾವಣಗೆರೆ ನಮ್ಮ ಈಜಿಪ್ಟು" ಎಂದು ಯಾರೋ ಹೇಳಿದರು. ನಾಲೆಯ ಕೊನೆಯ ಭಾಗದ ಊರಿನಿಂದ ಬರುವ ಇನ್ನೊಬ್ಬ ಹುಡುಗ, ತಮ್ಮ ಗದ್ದೆಗೆ ನೀರು ಮುಟ್ಟದ ವರ್ಷಗಳನ್ನು ಬೆರಳಲ್ಲಿ ಎಣಿಸಿ, ಅದನ್ನೂ ಒಪ್ಪಲಿಲ್ಲ.

ದೇಶಗಳ ನಡುವೆ ಕಂಡ ಸಂಬಂಧವನ್ನು ಮನೆಮನೆಗೆ ಇಳಿಸುವುದು ಇನ್ನೊಂದು ಹಳ್ಳ. 1950ರಲ್ಲಿ ಡಬ್ಲ್ಯೂ. ಎಸ್. ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದ 1930ರ ಜನಗಣತಿ ಹಿಡಿದು ಇದನ್ನು ಮರೆಯದಂತೆ ತೋರಿಸಿದ. ರಾಜ್ಯವಾರು ನೋಡಿದರೆ ವಲಸಿಗರು ಹೆಚ್ಚಿದ್ದ ಕಡೆ ಅನಕ್ಷರತೆ ಕಡಿಮೆ, ಸಹಸಂಬಂಧ ಮೈನಸ್ 0.53. ವ್ಯಕ್ತಿವಾರು ನೋಡಿದರೆ ವಲಸಿಗರಲ್ಲೇ ಅನಕ್ಷರತೆ ತುಸು ಹೆಚ್ಚು, ಪ್ಲಸ್ 0.12. ಎರಡೂ ನಿಜ. ವಲಸಿಗರು ಹೋಗಿ ನೆಲೆಸಿದ್ದು ಅಕ್ಷರಸ್ಥರು ಹೆಚ್ಚಿದ್ದ ರಾಜ್ಯಗಳಲ್ಲಿ, ಅಷ್ಟೇ. ಬರ ಬಂದಾಗ ಜಗಳೂರಿನಿಂದ ಬೆಂಗಳೂರಿಗೆ ಬಸ್ ಹತ್ತುವವರನ್ನು ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ. ಅವರನ್ನು ಬೆಂಗಳೂರಿನ ಸರಾಸರಿಯಲ್ಲಿ ಸೇರಿಸಿದ ಮಾತ್ರಕ್ಕೆ ಅವರ ಜೇಬು ಬೆಂಗಳೂರಿನದಾಗುವುದಿಲ್ಲ.

ಹೀಗೆ ಒಂದೊಂದಾಗಿ ಕಳಚುತ್ತಾ ಬಂದಾಗ ಪ್ರಾಜೆಕ್ಟಿನ ಪ್ರಶ್ನೆ ಮಳೆಯಿಂದ ಸರಿದು ಬೇರೆಡೆಗೆ ಹೋಯಿತು: ನಮ್ಮ ಕೋಷ್ಟಕದಲ್ಲಿ ಒಂದು ಸಾಲು ಎಂದರೆ ಏನು? ಒಂದು ದೇಶವೇ, ಒಂದು ವರ್ಷವೇ, ಒಂದು ಮನೆಯೇ? ಕೂರಿಗೆ ಹಿಡಿಯುವ ಮನೆಯ ಹುಡುಗಿಗೆ ಸಾಲು ಎಂಬ ಪದದ ಮೊದಲ ಅರ್ಥ ಬೇರೆಯೇ ಇತ್ತು. ಸಾಲು ಸೊಟ್ಟಗಾದರೆ ಎಡೆಕುಂಟೆ ಹೊಡೆಯುವಾಗ ಪೈರು ಹೋಗುತ್ತದೆ ಎಂದಳು.

ಸರಾಸರಿ ಬಿಟ್ಟು ನಕ್ಷತ್ರಕ್ಕೆ

ಅವಳು ಜಗತ್ತನ್ನು ಕೈಬಿಟ್ಟು ತನ್ನ ತಾಲ್ಲೂಕಿಗೆ ಬಂದಳು. ಸೋತು ಬಂದಳೆಂದು ಹೇಳಲಾರೆ. ಪ್ರಶ್ನೆಯನ್ನು ತನಗೆ ಗೊತ್ತಿರುವ ಅಳತೆಗೆ ಕತ್ತರಿಸಿಕೊಂಡಳು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹೋಬಳಿಗಳಲ್ಲಿ, ಗ್ರಾಮ ಪಂಚಾಯಿತಿಗಳಲ್ಲಿ ಇವೆ. ತನ್ನ ಹೋಬಳಿಯ ದಿನವಹಿ ಮಳೆ ಹನ್ನೆರಡು ವರ್ಷಕ್ಕೆ ಸಿಕ್ಕಿತು, ಜೊತೆಗೆ ತಾಲ್ಲೂಕಿನ ಮೆಕ್ಕೆಜೋಳದ ಇಳುವರಿ.

ದಿನವಹಿ ಅಂಕಿಗಳನ್ನು ಹೇಗೆ ಗುಂಪು ಮಾಡುವುದು? ತಿಂಗಳುವಾರು ಎಂದು ನಾನು ಹೇಳಿದೆ. ಮುಂದಿನ ಸೋಮವಾರ ಅವಳು ತಂದ ಹಾಳೆಯ ಮೇಲುಸಾಲಿನಲ್ಲಿ ಜೂನ್, ಜುಲೈ ಇರಲಿಲ್ಲ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ, ಹುಬ್ಬೆ ಇದ್ದವು. ಅಜ್ಜನ ಸಲಹೆಯಂತೆ. ನಾನು ತಕರಾರು ತೆಗೆಯಲು ಬಾಯಿ ತೆರೆದು ಮುಚ್ಚಿದೆ. ವರ್ಷವನ್ನು ಇಪ್ಪತ್ತೇಳು ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಬೆಳೆಯ ಬಾಯಾರಿಕೆಯನ್ನು ಅಳೆಯಲು ಮೂವತ್ತು ದಿನದ ತಿಂಗಳಿಗಿಂತ ಇದು ಹೆಚ್ಚು ಸೂಕ್ಷ್ಮವಾದ ಕೋಲು. "ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ", "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಎನ್ನುವ ಗಾದೆಗಳು ಒಟ್ಟು ಮಳೆಯ ಬಗ್ಗೆ ತಲೆಯನ್ನೇ ಕೆಡಿಸಿಕೊಂಡಿಲ್ಲ. ಯಾವ ಹದಿನಾಲ್ಕು ದಿನ ಎನ್ನುವುದೇ ಅವುಗಳ ಮಾತು.

2023 ಇದಕ್ಕೆ ಒಳ್ಳೆಯ ಪಾಠವಾಗಿತ್ತು. ದೇಶದ ಮುಂಗಾರು ಒಟ್ಟಾರೆ ಸಾಮಾನ್ಯದ ಶೇಕಡ 94. ಕೊರತೆ ಆರೇ ಶೇಕಡ, ಪತ್ರಿಕೆಯ ಶೀರ್ಷಿಕೆಯಲ್ಲಿ ಓದಿದರೆ ಪರವಾಗಿಲ್ಲ ಎನಿಸುವ ಅಂಕಿ. ಆದರೆ ಜುಲೈ ಶೇಕಡ 13 ಹೆಚ್ಚು ಸುರಿದು, ಆಗಸ್ಟ್ ಶೇಕಡ 36 ಕೈಕೊಟ್ಟಿತ್ತು. 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ದೇಶ ಕಂಡಿರಲಿಲ್ಲ. ಜೂನ್ ನಡುವೆ ಬಿತ್ತಿದ ಮೆಕ್ಕೆಜೋಳ ಸೂಲಂಗಿ ಹೊರಹಾಕಿ ತೆನೆಗೆ ರೇಷ್ಮೆ ಬಿಡುವುದು ಆಶ್ಲೇಷ, ಮಘಾ ಮಳೆಗಳ ಹೊತ್ತಿಗೆ. ಆಗ ನೀರಿಲ್ಲದಿದ್ದರೆ ಗಿಡ ಎತ್ತರವಾಗಿ ನಿಂತಿರುತ್ತದೆ, ತೆನೆಯಲ್ಲಿ ಕಾಳು ಕೂರುವುದಿಲ್ಲ. ಆಮೇಲೆ ಸೆಪ್ಟೆಂಬರಿನಲ್ಲಿ ಶೇಕಡ 13 ಹೆಚ್ಚು ಬಂದದ್ದು ಸರಾಸರಿಯನ್ನು ಎತ್ತಿತು, ತೆನೆಯನ್ನು ತುಂಬಲಿಲ್ಲ.

ಪಕ್ಕದ ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ವಾಣಿ ವಿಲಾಸ ಸಾಗರವನ್ನೂ ಸೇರಿಸೋಣ ಎಂಬ ಆಸೆ ನನ್ನದಾಗಿತ್ತು. 1907ರಲ್ಲಿ ಮುಗಿದ ಅಣೆಕಟ್ಟೆ 1933ರಲ್ಲಿ ಕೋಡಿ ಬಿತ್ತು, ಮತ್ತೆ 2022ರಲ್ಲಿ. ನಡುವೆ 89 ವರ್ಷ. ಸರಾಸರಿಯ ಮೂರ್ಖತನ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು ಎಂದುಕೊಂಡೆ. ಅವಳು ಬೇಡ ಎಂದಳು. ಈಚಿನ ವರ್ಷಗಳಲ್ಲಿ ಅಲ್ಲಿಗೆ ಭದ್ರಾ ನೀರೂ ಬರುತ್ತಿದೆ, ಹಳೆಯ ಮಟ್ಟವನ್ನೂ ಹೊಸ ಮಟ್ಟವನ್ನೂ ಒಂದೇ ಸಾಲಿನಲ್ಲಿ ಇಟ್ಟರೆ ಅದು ಮಳೆಯ ಕಥೆಯಾಗುವುದಿಲ್ಲ ಎಂದಳು. 2025ರ ಜನವರಿಯಲ್ಲಿ ಅದು ಮೂರನೆಯ ಸಲ ಕೋಡಿ ಬಿದ್ದ ಸುದ್ದಿ ಓದಿದಾಗ ಅವಳ ಮಾತು ನೆನಪಾಯಿತು.

ಇಳುವರಿಯ ಅಂಕಿ ಎಲ್ಲಿಂದ ಬರುತ್ತದೆ ಎಂದು ನೋಡಲು ಅವಳು ಒಂದು ಬೆಳೆ ಕಟಾವು ಪ್ರಯೋಗಕ್ಕೂ ಹೋಗಿ ಬಂದಳು. ಹೊಲವನ್ನೂ ಹೊಲದೊಳಗಿನ ಜಾಗವನ್ನೂ ಚೀಟಿ ಎತ್ತಿದಂತೆ ಆರಿಸಿ, ಹೆಚ್ಚಿನ ಬೆಳೆಗಳಿಗೆ ಐದು ಮೀಟರ್ ಉದ್ದ ಐದು ಮೀಟರ್ ಅಗಲದ ಚೌಕಕ್ಕೆ ಗೂಟ ಹೊಡೆದು ಹಗ್ಗ ಕಟ್ಟುತ್ತಾರೆ. ಹಗ್ಗದೊಳಗೆ ಬಿದ್ದ ಗಿಡಗಳನ್ನಷ್ಟೇ ಕೊಯ್ದು ತೂಗುತ್ತಾರೆ. ಹಗ್ಗಕ್ಕೆ ತಗುಲಿ ನಿಂತ ಗಿಡ ಒಳಗೋ ಹೊರಗೋ ಎಂದು ಹೊಲದ ಮಾಲೀಕರಿಗೂ ಸಿಬ್ಬಂದಿಗೂ ಅರ್ಧ ಗಂಟೆ ವಾದವಾಯಿತಂತೆ. ಬೆಳೆ ವಿಮೆಯ ಹಣ ನಿಂತಿರುವುದು ಆ ತೂಕದ ಮೇಲೆ. ವಾದ ಆಗದಿದ್ದರೆ ಆಶ್ಚರ್ಯಪಡಬೇಕು. ಆ ದಿನ ಅವಳು ತೆಗೆದ ಫೋಟೊದಲ್ಲಿ ಒಂದು ಗೂಟ, ನೀಲಿ ಪ್ಲಾಸ್ಟಿಕ್ ಹಗ್ಗ, ಅದಕ್ಕೆ ಒರಗಿದ ಒಂದೇ ಒಂದು ಮೆಕ್ಕೆಜೋಳದ ದಂಟು. ಅದನ್ನೇ ವರದಿಯ ಮೊದಲ ಪುಟಕ್ಕೆ ಹಾಕಿದಳು.

ಕೊನೆಗೆ ಫಲಿತಾಂಶವೇನು? ಒಟ್ಟು ಮಳೆಯ ಎದುರು ಇಳುವರಿಯನ್ನಿಟ್ಟ ಚುಕ್ಕಿಚಿತ್ರ ಚೆಲ್ಲಿದ ಕಡಲೆಯಂತಿತ್ತು. ಆಶ್ಲೇಷ ಮತ್ತು ಮಘಾ ಎರಡನ್ನೇ ಕೂಡಿಸಿದ ಚಿತ್ರದಲ್ಲಿ ಒಂದು ಏರುಮುಖ ಕಣ್ಣಿಗೆ ಕಾಣುತ್ತಿತ್ತು. ಆದರೆ ಹನ್ನೆರಡು ಚುಕ್ಕೆಗಳಿದ್ದಾಗ ಸಹಸಂಬಂಧ 0.576 ದಾಟದೆ ಪಿ-ಮೌಲ್ಯ ವಾಡಿಕೆಯ ಶೇಕಡ ಐದರ ಗೆರೆಯ ಕೆಳಗೆ ಇಳಿಯುವುದಿಲ್ಲ. ಅವಳದು ದಾಟಲಿಲ್ಲ. ಎರಡು ಬರದ ವರ್ಷಗಳನ್ನು ಬೆರಳಿನಿಂದ ಮುಚ್ಚಿದರೆ ಆ ಏರು ಅರ್ಧಕ್ಕರ್ಧ ಮಾಯವಾಗುತ್ತಿತ್ತು. ಎಂಟು ನಕ್ಷತ್ರಗಳಲ್ಲಿ ಚೆನ್ನಾಗಿ ಕಂಡ ಎರಡನ್ನು ಆರಿಸಿಕೊಂಡಿದ್ದೀಯಾ ಎಂದು ಯಾರಾದರೂ ಕೇಳಬಹುದು ಎಂದು ನಾನು ಎಚ್ಚರಿಸಿದೆ. ಇಳುವರಿಯ ಫೈಲು ತೆರೆಯುವ ಮೊದಲೇ ಆ ಎರಡು ಹೆಸರುಗಳನ್ನು ಅಜ್ಜನಿಂದ ಬರೆಸಿಕೊಂಡಿದ್ದ ಚೀಟಿಯನ್ನು, ದಿನಾಂಕದ ಸಮೇತ, ಅವಳು ಅನುಬಂಧದಲ್ಲಿ ಅಂಟಿಸಿದಳು. ಸಂಶೋಧನಾ ಪತ್ರಿಕೆಗಳಲ್ಲಿ ಊಹೆಯನ್ನು ಮೊದಲೇ ನೋಂದಾಯಿಸಬೇಕೆಂದು ಈಗ ಒತ್ತಾಯ ನಡೆಯುತ್ತಿದೆ. ಬೀಡಿಕಟ್ಟಿನ ಹಿಂಬದಿಯ ಕಾಗದದ ಮೇಲೆ ಅದನ್ನು ನಾನು ನೋಡಿದ್ದು ಅದೇ ಮೊದಲು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ವರದಿಯ ಪುಟ ಮಗುಚುತ್ತಾ "ಒಟ್ಟು ಎಷ್ಟು ದತ್ತಾಂಶ?" ಎಂದು ಕೇಳಿದರು.

"ಹನ್ನೆರಡು ಸರ್."

"ಹನ್ನೆರಡು ಸಾವಿರವೇ?"

"ಅಲ್ಲ ಸರ್. ಹನ್ನೆರಡು."

ಅವರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಚಿತ್ರ ನೋಡಿದೆ. ಆ ವರ್ಷ ಅತಿ ಹೆಚ್ಚು ಅಂಕ ಹೋದದ್ದು 150 ದೇಶಗಳ ಸಂತೋಷವನ್ನು ಹದಿನೈದು ವರ್ಷ ಅಳೆದ ತಂಡಕ್ಕೆ. ಅದರ ಮಾರ್ಗದರ್ಶಕನೂ ನಾನೇ. ಆ ಫೈಲನ್ನು ಇನ್ನೂ ಸಾಲುಸಾಲಾಗಿ ಓದಿ ಮುಗಿಸಿಲ್ಲ.